ಕೊಟ್ರೇಶಿಯ ಇನ್ನೂರ ತೊಂಬತ್ತಾರು ಗಂಟೆ

ಹೋದ ತಿಂಗಳ ಒಂದು ಭಾನುವಾರ ಕೊಟ್ರೇಶಿ ಎಂಬ ಒಬ್ಬನೇ ಮನುಷ್ಯ ಒಂದೇ ದಿನದಲ್ಲಿ ಇನ್ನೂರ ತೊಂಬತ್ತಾರು ಗಂಟೆ ಹೂಳು ಎತ್ತಿದ್ದಾನೆ. ನಾನು ಹೇಳುತ್ತಿಲ್ಲ. ಬ್ಲಾಕ್‌ಚೈನ್ ಹೇಳುತ್ತಿದೆ.

ಯಾರು ಈ ಕೊಟ್ರೇಶಿ ಅಂತೀರಾ? ಹೊಸಹಳ್ಳಿ ಹೋಬಳಿಯ ಒಂದು ಹಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡವನು. (ಹಳ್ಳಿಯ ಹೆಸರು ಬರೆಯುವುದಿಲ್ಲ. ಮತ್ತೆ ಹೋದಾಗ ನನಗೆ ಅಲ್ಲಿ ಚಹಾ ಸಿಗಬೇಕಲ್ಲ?) ಸೊಂಟ ನೋವಿನ ಮನುಷ್ಯ. ಕೆಳಗಿನ ಡಬ್ಬಿಯ ಬೆಲ್ಲ ಬೇಕೆಂದರೆ ಗಿರಾಕಿಗೇ "ಒಳಗ ಬಂದು ತಗೋರಿ" ಅನ್ನುತ್ತಾನೆ. ಆ ಭಾನುವಾರ ಅವನು ದನ ಕುರಿ ನೀರು ಕುಡಿಯುವ ಊರ ಗೋಕಟ್ಟೆಯ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ.

ಹಾಗಾದರೆ ಈ ಪವಾಡ ಮಾಡಿದ್ದು ಯಾರು? ನಾನು. ಇಪ್ಪತ್ತಾರು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ನಾನು.

ಇದು ಶುರುವಾಗಿದ್ದು ಸಮೀನಾಳಿಂದ. ಸಮೀನಾ ನನ್ನ ಹಳೆಯ ವಿದ್ಯಾರ್ಥಿನಿ. ಕೊಟ್ಟೂರಿನಲ್ಲಿ ಅವಳ ಅಪ್ಪ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುತ್ತಾರೆ. ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಗಳು ಲ್ಯಾಪ್‌ಟಾಪ್ ಇಟ್ಟುಕೊಂಡು ಯಾರ್ಯಾರಿಗೋ ಆ್ಯಪ್ ಮಾಡಿಕೊಡುತ್ತಾಳೆ. ಆರು ತಿಂಗಳ ಹಿಂದೆ ಮನೆಗೆ ಬಂದು, "ಮಿಸ್, ನಾವೊಂದು ಬ್ಲಾಕ್‌ಚೈನ್ ಕಮ್ಯುನಿಟಿ ಕಟ್ಟೋಣು" ಅಂದಳು.

"ಬೇಡಮ್ಮಾ ತಾಯಿ. ಇರೋ ಪೆನ್ಶನ್ನಾದರೂ ಉಳಿಯಲಿ" ಅಂದೆ.

"ರೊಕ್ಕದ್ದಲ್ಲ ಮಿಸ್. ರಿಜಿಸ್ಟರ್ ಇದ್ದಂಗ. ಅದರ ಕಾಪಿ ಎಲ್ಲಾರ ಹತ್ರಾನೂ ಇರ್ತೈತಿ. ಒಮ್ಮೆ ಬರದ್ರ ಮುಗೀತು, ಯಾವ ಅಧ್ಯಕ್ಷನೂ ತಿದ್ದಾಕ ಬರಂಗಿಲ್ಲ."

ಅವಳ ಲೆಕ್ಕಾಚಾರ ಹೀಗಿತ್ತು. ನಮ್ಮ ಕಡೆ ಹಾಳುಬಿದ್ದ ಗೋಕಟ್ಟೆ, ಮುಚ್ಚಿಹೋದ ಹಳ್ಳ, ಬೋಳಾದ ಗುಡ್ಡ ಇವನ್ನೆಲ್ಲ ಊರಿನವರೇ ಸೇರಿ ಮತ್ತೆ ಜೀವಂತ ಮಾಡಬೇಕು. ಯಾರು ಎಷ್ಟು ಗಂಟೆ ದುಡಿದರೋ ಅವರಿಗೆ ಆ್ಯಪಿನಲ್ಲಿ ಅಷ್ಟು 'ಹನಿ'. ಗಂಟೆಗೊಂದು ಹನಿ. ಎಷ್ಟು ಹನಿಯೋ ಅಷ್ಟು ಓಟು. ಮುಂದೆ ಅಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂದು ತೀರ್ಮಾನಿಸುವವರು ದುಡಿದವರೇ.

ನಾನು ಬಿದ್ದಿದ್ದು ಇಲ್ಲಿ. ದುಡಿದವರೇ ತೀರ್ಮಾನ ಮಾಡುವುದು ಅಂದರೆ ಯಾರಿಗೆ ಖುಷಿಯಾಗುವುದಿಲ್ಲ ಹೇಳಿ? ನಮ್ಮಲ್ಲಿ ಸಲಿಕೆ ಹಿಡಿಯುವವರು ಒಬ್ಬರು, ಸಲಿಕೆ ಹಿಡಿದು ಫೋಟೋಕ್ಕೆ ನಿಲ್ಲುವವರು ಇನ್ನೊಬ್ಬರು. ನಾನು ಸಮೀನಾಳ ಸ್ಕೂಟಿಯ ಹಿಂದೆ ಹತ್ತಿ ಕೂತೆ.

ಐದು ತಾಲ್ಲೂಕು ಸುತ್ತಿದೆವು. ಹರಪನಹಳ್ಳಿಯಲ್ಲಿ ಒಬ್ಬರು ಮೊದಲ ಪ್ರಶ್ನೆಯೇ, "ಇದು ಚೀಟಿ ವ್ಯವಹಾರನಾ ಮೇಡಂ? ಆಗ್ಲೇ ಒಬ್ಬ ಎತ್ಕೊಂಡು ಓಡಿಹೋಗ್ಯಾನೆ" ಅಂದರು. ಹಡಗಲಿಯಲ್ಲಿ ಸಾಲ ಕೊಡುತ್ತಾರೆಂದು ಸುದ್ದಿ ಹಬ್ಬಿ ಸಭೆ ಕಿಕ್ಕಿರಿದು ತುಂಬಿತ್ತು. ಸಾಲವಲ್ಲ, ಹೂಳು ಎಂದು ಗೊತ್ತಾದ ಮೇಲೆ ಕುರ್ಚಿಗಳಷ್ಟೇ ಉಳಿದವು. ಹಗರಿಬೊಮ್ಮನಹಳ್ಳಿಯಲ್ಲಿ ಮಾತ್ರ ಭಾರೀ ಉತ್ಸಾಹ. ಅವತ್ತೇ ವಾಟ್ಸಾಪ್ ಗ್ರೂಪ್ ಆಯಿತು. ಅವತ್ತಿನಿಂದ ಇವತ್ತಿನವರೆಗೆ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಬರುತ್ತಿದೆ. ಒಂದೇ ಒಂದು ಭಾನುವಾರ ನಾಲ್ಕು ಜನ ಬೇವಿನ ಸಸಿ ನೆಟ್ಟರು, ಅಷ್ಟೇ.

ಒಪ್ಪಿದ್ದು ಕೊಟ್ರೇಶಿಯ ಹಳ್ಳಿ. ಅಲ್ಲಿನ ಹುಲಿಗೆಮ್ಮ ಎಂಬಾಕೆಗೆ ನಲವತ್ತೆರಡು ಕುರಿ. ಗೋಕಟ್ಟೆಯಲ್ಲಿ ಹೂಳು ತುಂಬಿ ನೀರು ನಿಲ್ಲದೆ, ಬೇಸಿಗೆಯಲ್ಲಿ ಅವನ್ನು ಮೂರು ಕಿಲೋಮೀಟರ್ ದೂರ ಹೊಡೆದುಕೊಂಡು ಹೋಗುತ್ತಿದ್ದಳು. ಸಮೀನಾ ಅರ್ಧ ತಾಸು ಬ್ಲಾಕ್‌ಚೈನ್ ವಿವರಿಸಿದಳು. ಹುಲಿಗೆಮ್ಮ ಎಲೆ ಅಡಿಕೆ ಮೆಲ್ಲುತ್ತ ಪೂರ್ತಿ ಕೇಳಿಸಿಕೊಂಡು, "ಹೂಳು ತೆಗಿಯೋದಾದ್ರ ಬರ್ತೀವಿ. ಉಳದಿದ್ದು ನೀವ ನೋಡ್ಕೊಳ್ರಿ" ಅಂದಳು. ಊರನ್ನೂ ಹೊರಡಿಸಿದಳು.

ಆ ಭಾನುವಾರ ಮೂವತ್ತೇಳು ಜನ ಬಂದರು. ಗೋಕಟ್ಟೆಯ ತಳದಿಂದ ದಂಡೆಯವರೆಗೆ ಸಾಲಾಗಿ ನಿಂತು ಹೂಳು ತುಂಬಿದ ಪುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸಿದರು. ಕೆಂಡದಂಥ ಬಿಸಿಲು. ನಾನು ಹುಣಸೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಫೋನಿನಲ್ಲಿ ಹಾಜರಿ ತೆಗೆದುಕೊಂಡೆ.

ಆ್ಯಪ್ ಕೇಳಿದ್ದು ಎರಡೇ. ಮೊಬೈಲ್ ನಂಬರ್ ಮತ್ತು ಗಂಟೆ. ಹೆಸರಿನ ಜಾಗದಲ್ಲಿ 'ಆಪ್ಶನಲ್' ಎಂದಿತ್ತು. ಬಿಟ್ಟುಬಿಟ್ಟೆ. ಮೊದಲ ಹೆಂಗಸು ಬಂದು ನಂಬರ್ ಹೇಳಿದಳು. ಎರಡನೆಯವಳು ಹೇಳಿದಳು. ಎಲ್ಲರೂ ಪಟಪಟ ಒಂದೇ ಉಸಿರಿಗೆ ಹೇಳುತ್ತಿದ್ದರು. ನಾಲ್ಕೈದು ಜನ ಆಗುವಷ್ಟರಲ್ಲಿ ನಾನು ಮೊದಲ ಎರಡು ಅಂಕಿ ಒತ್ತಿದರೆ ಸಾಕು, ಉಳಿದ ಎಂಟು ಅಂಕಿಯನ್ನು ಫೋನೇ ತುಂಬಿಕೊಳ್ಳುತ್ತಿತ್ತು. ಎಂಥ ಸೌಲಭ್ಯ ಅಂದುಕೊಂಡೆ. ಫೋನಿಗೆ ಹೇಗೆ ಗೊತ್ತಾಯಿತು ಎಂದು ಯೋಚಿಸಿದೆನಾ? ಇಲ್ಲ. ತಲೆಯಲ್ಲಿ ಏನು ತುಂಬಿಕೊಂಡಿತ್ತೋ.

ಅದು ಕೊಟ್ರೇಶಿಯ ನಂಬರ್.

ಆ ಊರಿನಲ್ಲಿ ಸಿಗ್ನಲ್ ಸಿಗುವುದು ಅವನ ಅಂಗಡಿಯ ಕಟ್ಟೆಯ ಮೇಲೆ ಮಾತ್ರ. ಹಾಗಾಗಿ ಗ್ಯಾಸಿಗೆ, ರೇಷನ್ನಿಗೆ, ಸಂಘಕ್ಕೆ, ಮಕ್ಕಳ ಶಾಲೆಗೆ, ಯಾರು ಕೇಳಿದರೂ ಎಲ್ಲರೂ ಅವನ ನಂಬರನ್ನೇ ಕೊಡುತ್ತಾರೆ. ತಮ್ಮ ತಮ್ಮ ಮನೆಯ ಬಾಗಿಲ ಪಕ್ಕದ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಟ್ಟುಕೊಂಡಿದ್ದಾರೆ. ಓಟಿಪಿ ಬಂದರೆ ಕೊಟ್ರೇಶಿ ಕಟ್ಟೆಯ ಮೇಲೆ ನಿಂತು, "ರತ್ನವ್ವಾ, ನಿಂದು ಬಂತು ನೋಡ" ಎಂದು ಕೂಗುತ್ತಾನೆ. ಇಡೀ ಊರಿಗೆ ಕೇಳುವ ಗುಟ್ಟಿನ ಸಂಖ್ಯೆ.

ಸಂಜೆ ನಾನು ಅದೇ ಕಟ್ಟೆಯ ಮೇಲೆ ನಿಂತು, ಕೊಟ್ರೇಶಿ ಕೊಟ್ಟ ಚಹಾ ಕುಡಿಯುತ್ತ ಎಲ್ಲವನ್ನೂ ಅಪ್‌ಲೋಡ್ ಮಾಡಿದೆ. 'ಇದನ್ನು ಮುಂದೆ ಬದಲಾಯಿಸಲಾಗದು. ಖಚಿತವೇ?' ಎಂದು ಕೇಳಿತು. ಖಚಿತ ಎಂದು ಒತ್ತಿದೆ. ಮೂವತ್ತೇಳು ಜನ, ತಲಾ ಎಂಟು ಗಂಟೆ. ಇನ್ನೂರ ತೊಂಬತ್ತಾರು ಹನಿ, ಒಬ್ಬನೇ ಕೊಟ್ರೇಶಿಗೆ. ನನ್ನ ನಂಬರಿಗೆ ಎಂಟು. (ಹಾಜರಿ ಬರೆಯುವುದೂ ಕೆಲಸವೇ ಮಿಸ್ ಎಂದು ಸಮೀನಾ ಹೇಳಿದ್ದಳು.)

ಇಲ್ಲೊಂದು ಮಾತು ಹೇಳಲೇಬೇಕು. ನನ್ನ ಜನ್ಮದಿನ ಜೂನ್ ಒಂದು. ನಮ್ಮ ಓಣಿಯ ಎಷ್ಟೋ ಜನರದ್ದು ಜೂನ್ ಒಂದು. ಎಲ್ಲರೂ ಅವತ್ತೇ ಹುಟ್ಟಿದೆವಾ? ಶಾಲೆಗೆ ಸೇರಿಸುವಾಗ ಮೇಷ್ಟ್ರು "ಯಾವಾಗ ಹುಟ್ಟಿದ್ದು?" ಅಂದರು. "ಕಾರಹುಣ್ಣಿವಿ ಆಸುಪಾಸು" ಅಂದರು ನಮ್ಮವ್ವ. ಮೇಷ್ಟ್ರು ಜೂನ್ ಒಂದು ಎಂದು ಗೀಚಿದರು. ಇವತ್ತಿಗೂ ಅದನ್ನು ಯಾವ ಕಚೇರಿಯೂ ತಿದ್ದಿಲ್ಲ. ಆ ಮೇಷ್ಟ್ರನ್ನು ನಾನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಆಡಿಕೊಂಡಿದ್ದೇನೋ ಲೆಕ್ಕವಿಲ್ಲ. ಅವರ ಕೈಯಲ್ಲಿ ಇದ್ದದ್ದು ಒಂದು ಪೆನ್ನು, ಒಂದು ರಿಜಿಸ್ಟರ್ ಅಷ್ಟೇ. ನನ್ನ ಕೈಯಲ್ಲಿ ಬ್ಲಾಕ್‌ಚೈನ್ ಇತ್ತು. ಮಾಡಿದ್ದು ಅದನ್ನೇ.

ಬದಲಾಯಿಸಲಾಗದ ದಾಖಲೆ ಎಂದು ಸಮೀನಾ ಹೆಮ್ಮೆಯಿಂದ ಹೇಳಿದಾಗ ನನಗೆ ಅನುಮಾನ ಬರಬೇಕಿತ್ತು. ತಪ್ಪು ಬರೆದು ತಿದ್ದದೇ ಇರುವುದು ನಮಗೆ ಹೊಸ ತಂತ್ರಜ್ಞಾನವೇ?

ಮುಂದಿನದ್ದು ಕೇಳಿ. ಒಂದು ದೊಡ್ಡ ಮಳೆ ಬಿತ್ತು. ಗೋಕಟ್ಟೆಯಲ್ಲಿ ಮೊಣಕಾಲುದ್ದ ನೀರು ನಿಂತಿತು. ಹಗರಿಬೊಮ್ಮನಹಳ್ಳಿಯ ಗುಲಾಬಿ ಹೂವಿನವರಿಗೆ ಉಮೇದು ಬಂತು. ಮೂರು ವರ್ಷ ಗೋಕಟ್ಟೆಯ ಸುತ್ತ ಬೇಲಿ ಹಾಕಿ, ದನ ಕುರಿ ಬಿಡದೆ, ದಂಡೆಯ ಮೇಲೆ ಹುಲ್ಲು ಗಿಡ ಬೆಳೆಸಬೇಕೆಂದು ಆ್ಯಪಿನಲ್ಲಿ ಓಟಿಗೆ ಹಾಕಿದರು. ಹೌದು ಅಥವಾ ಇಲ್ಲ. ನಾನೂ ಗಿಡ ಬೆಳೆಯಲಿ ಎಂದು ನನ್ನ ಎಂಟು ಹನಿಯನ್ನು 'ಹೌದು'ಗೆ ಹಾಕಿದೆ. ಕೊಟ್ರೇಶಿಯ ಫೋನಿಗೂ ಓಟು ಹೋಯಿತು. ಅವನೂ 'ಹೌದು' ಒತ್ತಿದ. ಬೇಲಿ ಭರ್ಜರಿ ಬಹುಮತದಿಂದ ಪಾಸಾಯಿತು.

ಮರುದಿನ ನನಗೆ ಫೋನ್ ಬಂತು. ಕೊಟ್ರೇಶಿಯ ನಂಬರಿನಿಂದಲೇ. ಮಾತಾಡಿದ್ದು ಹುಲಿಗೆಮ್ಮ.

"ಅಕ್ಕೋರ, ಗೋಕಟ್ಟಿಗೆ ಬೇಲಿ ಬೀಳತೈತಂತ. ನನ್ನ ಕುರಿ ಎಲ್ಲಿ ನೀರು ಕುಡೀಬೇಕು?"

"ಓಟಿಗೆ ಹಾಕಿದ್ದರು ಹುಲಿಗೆಮ್ಮ, ನೀವೆಲ್ಲ ಸೇರಿಯೇ ಹೌದು ಅಂದಿರಲ್ಲ?"

"ನನ್ನ ಯಾರು ಕೇಳ್ಯಾರ?"

ಎಂಟು ತಾಸು ಮಣ್ಣು ಹೊತ್ತವಳು. ಅವಳ ಹೆಸರಿಗೆ ಒಂದು ಹನಿಯೂ ಇಲ್ಲ, ಒಂದು ಓಟೂ ಇಲ್ಲ, ಈಗ ಕುರಿಗೆ ನೀರೂ ಇಲ್ಲ. ನನಗೆ ಆಗಷ್ಟೇ ಆ್ಯಪ್ ತೆರೆದು ನೋಡುವ ಬುದ್ಧಿ ಬಂತು. ನೋಡಿದೆ. ಮೂವತ್ತೇಳು ಸಾಲಿಗೂ ಒಂದೇ ನಂಬರ್. ಸಮೀನಾಳಿಗೆ ಫೋನ್ ಮಾಡಿ ಬೈಯಲು ಶುರು ಮಾಡಿ, ಬೈಯಬೇಕಾದದ್ದು ಯಾರನ್ನು ಎಂದು ನೆನಪಾಗಿ, ಸ್ಕೂಟಿ ತೆಗೆದುಕೊಂಡು ಬಾ ಅಂದೆ.

ಇಬ್ಬರೂ ಹೋದೆವು. ಅಂಗಡಿಯ ಕಟ್ಟೆಯ ಮೇಲೆ ಊರೇ ಸೇರಿತ್ತು. ಕೊಟ್ರೇಶಿಯನ್ನು ಕೇಳಿದೆ: "ಅಲ್ಲಪ್ಪಾ, ಏನು ಎತ್ತ ಅಂತ ಓದದೆ ಹೌದು ಅಂತ ಒತ್ತಿಬಿಡೋದಾ?"

"ಬಂದಿದ್ದಕ್ಕೆಲ್ಲ ಎಸ್ ಒತ್ತೋದ ನನ್ನ ಕೆಲ್ಸ ಅಕ್ಕೋರ" ಅಂದ ಅವನು, ನೊಂದುಕೊಂಡೇ. "ಹಿಂದಕ ಒಮ್ಮೆ ನೋ ಒತ್ತಿದ್ದಕ್ಕ ಮೂರು ಮನಿಗೆ ಗ್ಯಾಸ್ ಬರಲಿಲ್ಲ. ಈ ಮಂದಿ ನನ್ನ ಬಿಟ್ಟಾರೇನು?"



ಸಮೀನಾ ಲ್ಯಾಪ್‌ಟಾಪ್ ತೆರೆದು ಕೂತಳು. ಹಳೆಯದನ್ನು ಅಳಿಸಲು ಸಾಧ್ಯವೇ ಇಲ್ಲ, ಕೊಟ್ರೇಶಿ ತನ್ನ ಹನಿಗಳನ್ನು ಮೂವತ್ತೇಳು ಜನಕ್ಕೆ ಹಂಚಿದ ಹಾಗೆ ಹೊಸದಾಗಿ ಬರೆಯಬಹುದು ಅಂದಳು. ಅಂದರೆ ಮುಂದೆಂದಾದರೂ ಯಾರಾದರೂ ಓದಿದರೆ ಕೊಟ್ರೇಶಿ ಒಬ್ಬನೇ ಗೋಕಟ್ಟೆ ತೋಡಿ, ಪುಣ್ಯವನ್ನೆಲ್ಲ ಊರಿಗೆ ದಾನ ಮಾಡಿದ ಮಹಾತ್ಮ. ಆಗಲಿ.

"ಹೆಸರು ಹೇಳ್ರಿ ಮಿಸ್" ಅಂದಳು.

"ಆಪ್ಶನಲ್ ಅಂತ ಇತ್ತು" ಅಂದೆ.

ಚಿತ್ರ ಬಿಡಿಸದೆ ಉತ್ತರ ಬರೆದ ಮಕ್ಕಳನ್ನು ನಾನು ಹೇಗೆ ನೋಡುತ್ತಿದ್ದೆನೋ ಹಾಗೆ ಅವಳು ನನ್ನನ್ನು ನೋಡಿದಳು. ಮೂವತ್ತೇಳು ಎಂಬ ಸಂಖ್ಯೆ ಇದೆ. ಯಾರು ಎಂಬುದು ಎಲ್ಲೂ ಇಲ್ಲ. ಇಂಥ ದಾಖಲೆಗೆ ಎಷ್ಟು ಕಾಪಿ ಇದ್ದರೇನು?

ಆಗ ಹುಲಿಗೆಮ್ಮ ಎಲೆಯ ಸಂಚಿ ಪಕ್ಕಕ್ಕಿಟ್ಟು ಶುರು ಮಾಡಿದಳು. "ಬರ್ಕೋವಾ. ನನಗ ಪುಟ್ಟಿ ಕೊಟ್ಟಾಕಿ ರತ್ನವ್ವ. ರತ್ನವ್ವಗ ಕೊಟ್ಟಾಂವ ಅಕಿ ಮೈದುನ ನಾಗಪ್ಪ. ಅವ ಬೀಡಿ ಸೇದಾಕ ಹೋದಾಗ ಅವನ ಜಾಗದಾಗ ಚಾಂದ್‌ಬೀ ನಿಂತ್ಲು, ಆಮ್ಯಾಗ ಅಕಿ ಅಲ್ಲೇ ಉಳದ್ಲು..."

ಹಾಗೇ ಒಂದೊಂದೇ ಹೆಸರು ಹಿಡಿದುಕೊಂಡು ಗೋಕಟ್ಟೆಯ ತಳದವರೆಗೂ ಇಳಿದಳು. ಅವಳು ತಡವರಿಸಿದ ಕಡೆ ಚಾಂದ್‌ಬೀ ಹೇಳಿದಳು. ಚಾಂದ್‌ಬೀ ತಪ್ಪಿದ ಕಡೆ ಇನ್ಯಾರೋ ತಿದ್ದಿದರು. ಯಾರು ಮಧ್ಯಾಹ್ನ ಎದ್ದುಹೋದರು, ಯಾರು ಬುತ್ತಿ ಬಿಚ್ಚಿ ಎಷ್ಟು ಹೊತ್ತು ಕೂತರು, ಯಾರ ಪುಟ್ಟಿ ಅರ್ಧವೇ ತುಂಬಿರುತ್ತಿತ್ತು, ಎಲ್ಲ ಬಂತು. ಅರ್ಧ ತಾಸಿನಲ್ಲಿ ಮೂವತ್ತೇಳೂ ಹೆಸರು ಮುಗಿದವು. ಸಮೀನಾ ಟೈಪ್ ಮಾಡುತ್ತಲೇ ಇದ್ದಳು.

"ಈಗ ಬೇಲಿ ಮಾತು" ಅಂದಳು ಹುಲಿಗೆಮ್ಮ. "ಬೇಲಿ ಹಾಕೋರು ಯಾರು?"

"ನಾವ ಅವ್ವ, ಎಲ್ಲಾರೂ ಸೇರಿ" ಅಂದಳು ಸಮೀನಾ.

"ನಾವ ಅಂದ್ರ ಈ ಮೂವತ್ತೇಳು ಮಂದಿನ ಹೌದಲ್ಲ? ನಾವ್ಯಾರೂ ಬರಂಗಿಲ್ಲ. ಈಗ ಹಾಕ್ರಿ."

ಮುಗಿಯಿತು ಬಹುಮತ. ಆದರೆ ಅವಳು ಅಷ್ಟಕ್ಕೇ ಬಿಡಲಿಲ್ಲ. ಬಡಗಣ ದಂಡೆಗೆ ಗಿಡ ಹಚ್ಚಿ ಅಷ್ಟಕ್ಕೇ ಬೇಲಿ ಇರಲಿ, ಅದನ್ನು ನಾವೇ ಹಾಕುತ್ತೇವೆ, ತೆಂಕಣ ದಂಡೆ ಇಳಿಜಾರಿದೆ, ಅಲ್ಲಿ ಕುರಿ ಇಳಿಯಲಿ ಅಂದಳು. ಐದು ನಿಮಿಷ ಹಿಡಿಯಲಿಲ್ಲ. ಎಲ್ಲರೂ ಹೂಂ ಅಂದರು. ಆ್ಯಪಿನಲ್ಲಿದ್ದದ್ದು ಹೌದು ಮತ್ತು ಇಲ್ಲ ಮಾತ್ರ. ಬಡಗಣ, ತೆಂಕಣ ಎಂಬ ಬಟನ್ ಅದರಲ್ಲಿ ಇರಲೇ ಇಲ್ಲ.

ಸಮೀನಾ ಸೋಲುವ ಹುಡುಗಿಯಲ್ಲ. ಮುಂದಿನ ವಾರ ಮೂವತ್ತೇಳು ಜನಕ್ಕೂ ಒಂದೊಂದು ಕಾರ್ಡ್ ಮಾಡಿಸಿ ತಂದಳು. ಫೋನ್ ಬೇಡ, ನಂಬರ್ ಬೇಡ, ಈ ಕಾರ್ಡ್ ಯಾರ ಕೈಯಲ್ಲಿದೆಯೋ ಹನಿ ಅವರದ್ದು, ಪ್ರಾಣದಂತೆ ಕಾಪಾಡಿಕೊಳ್ಳಿ ಎಂದು ಒಬ್ಬೊಬ್ಬರಿಗೂ ಎರಡೆರಡು ಸಲ ಹೇಳಿದಳು. ಎಲ್ಲರೂ ಗಂಭೀರವಾಗಿ ತಲೆ ಆಡಿಸಿದರು. ಆಮೇಲೆ ಒಬ್ಬೊಬ್ಬರಾಗಿ ಹೋಗಿ, "ಮನ್ಯಾಗ ಇಲಿ ಭಾಳ ಅದಾವ, ನಿನ್ನ ಹತ್ರ ಇಟ್ಕೋಪಾ" ಎಂದು ಕೊಟ್ರೇಶಿಗೆ ಕೊಟ್ಟರು. ಅವನು ಎಲ್ಲವನ್ನೂ ಬಿಸ್ಕತ್ತಿನ ಡಬ್ಬಿಗೆ ಹಾಕಿ ಮುಚ್ಚಳ ಹಾಕಿದ. ನಾನು ಹಣೆ ಹಣೆ ಚಚ್ಚಿಕೊಂಡೆ.

ಕೊಡದೆ ಉಳಿದವಳು ಹುಲಿಗೆಮ್ಮ ಒಬ್ಬಳೇ. ಕಾರ್ಡನ್ನು ಎಲೆಯ ಸಂಚಿಯಲ್ಲಿಟ್ಟು ದಾರ ಎಳೆದಳು. ಸಮೀನಾ ಹೊಸ ಪಟ್ಟಿಯನ್ನು ಎಲ್ಲರಿಗೂ ಕೇಳುವಂತೆ ಓದಿ, ಕೊನೆಗೆ, "ಮೂವತ್ತೆಂಟನೇದು ನಮ್ಮ ಮಿಸ್, ಎಂಟು ತಾಸು" ಅಂದಳು.

ಹುಲಿಗೆಮ್ಮ ತಲೆ ಎತ್ತಿದಳು. ಕೊಂಕು ಇರಲಿಲ್ಲ. ಪಟ್ಟಿ ತಾಳೆ ನೋಡುವವಳ ಹಾಗೆ, ತಿಳಿದುಕೊಳ್ಳಲೆಂದೇ ಕೇಳಿದಳು:

"ಅಕ್ಕೋರ, ನೀವು ಪುಟ್ಟಿ ಯಾರ ಕೈಯಾಗಿಂದ ಇಸ್ಕೊಂಡ್ರಿ?"