ಮೈಸೂರೋ ತಿರುಪತಿಯೋ: ಅಪ್ಪನ ಜೊತೆ ಮೂರು ದಿನ

ಅರವತ್ತೆರಡನೆಯ ಇಸವಿಯ ಜೂನ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಅಪ್ಪನೂ ನಾನೂ ಮೇಲೂರಿನಲ್ಲಿ ಬಸ್ಸು ಹತ್ತಿದೆವು. ಅಪ್ಪನ ಹೆಗಲಲ್ಲಿ ಬಟ್ಟೆಯ ಚೀಲ. ಅದರಲ್ಲಿ ಅಮ್ಮ ಕಟ್ಟಿಕೊಟ್ಟ ರಾಗಿರೊಟ್ಟಿ, ಹುಚ್ಚೆಳ್ಳು ಪುಡಿ. ನನ್ನ ಕೈಯಲ್ಲಿ ಬಿ.ಎ. ಪಾಸಾದ ಕಾಗದಗಳನ್ನಿಟ್ಟಿದ್ದ ರಟ್ಟಿನ ಫೈಲು. ಅದರೊಳಗೆ ಎರಡು ಉದ್ದನೆಯ ಲಕೋಟೆಗಳಿದ್ದವು. ಒಂದು ಮೈಸೂರಿನಿಂದ ಬಂದದ್ದು, ಇನ್ನೊಂದು ತಿರುಪತಿಯಿಂದ. ಎರಡು ರಾಜ್ಯಗಳ ಎರಡು ವಿಶ್ವವಿದ್ಯಾಲಯಗಳೂ ಇಂಗ್ಲಿಷ್ ಎಂ.ಎ.ಗೆ ಸೀಟು ಕೊಡುತ್ತೇವೆ, ಬರುವ ಶುಕ್ರವಾರದೊಳಗೆ ಒಪ್ಪಿಗೆ ತಿಳಿಸಿ ಎಂದು ಬರೆದಿದ್ದವು.

ನಾನು ಬೆಂಗಳೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಬಿ.ಎ. ಮುಗಿಸಿದ್ದೆ. ಅಷ್ಟರಲ್ಲಿ ಮಾವನಿಗೆ ವರ್ಗವಾಗಿ ಆ ಮನೆ ಇಲ್ಲವಾಯಿತು. ಇನ್ನು ಓದುವುದಾದರೆ ಹಾಸ್ಟೆಲಿನಲ್ಲೇ. ನಮ್ಮ ಬಂಧುಗಳಲ್ಲಿ ಎಂ.ಎ. ಮಾಡಿದವರು ಯಾರೂ ಇರಲಿಲ್ಲ. ಅಪ್ಪ ಒಕ್ಕಲುತನದವರು, ಒಂದು ಜೊತೆ ಎತ್ತು ತರುವುದಿದ್ದರೂ ನಾಲ್ಕು ಊರು ಸುತ್ತಿ ವಿಚಾರಿಸುವವರು. ಮಗಳ ಓದಿಗೂ ಅದೇ ಕ್ರಮ. ಮೈಸೂರಿನಲ್ಲಿ ಓದಿದ ವಕೀಲರೊಬ್ಬರು ಚಿಕ್ಕಬಳ್ಳಾಪುರದಲ್ಲಿದ್ದರು, ತಿರುಪತಿಯಲ್ಲಿ ಓದಿದ ಮೇಡಮ್ ಒಬ್ಬರು ಗೌರಿಬಿದನೂರಿನಲ್ಲಿದ್ದರು. ಇಬ್ಬರನ್ನೂ ಕಂಡು, ಚಿಂತಾಮಣಿಯಲ್ಲಿ ತಿರುಪತಿಯ ಬಸ್ಸಿನ ವೇಳೆ ತಿಳಿದುಕೊಂಡು, ಸೋಮವಾರ ಮನೆಗೆ ಬರುವುದೆಂದು ತೀರ್ಮಾನವಾಗಿತ್ತು.

ಬಸ್ಸಿನ ವೇಳೆ ವಿಚಾರಿಸಬೇಕೆಂದದ್ದರಲ್ಲೇ ಅಪ್ಪನ ಮನಸ್ಸು ಯಾವ ಕಡೆಗಿದೆ ಎಂದು ತಿಳಿಯುತ್ತಿತ್ತು. ಮನೆಯಲ್ಲಿ ನಮ್ಮದು ತೆಲುಗು, ಹೊರಗೆ ನಾಲ್ಕು ಜನರ ನಡುವೆ ಕನ್ನಡ. ತಿರುಪತಿಯಾದರೆ ಅವರು ಯಾರನ್ನು ಬೇಕಾದರೂ ಸಂಕೋಚವಿಲ್ಲದೆ ಮಾತಾಡಿಸಬಲ್ಲರು, ತಿಂಗಳಿಗೊಮ್ಮೆ ರಾಗಿಹಿಟ್ಟು ಹೊತ್ತು ಬಂದು ನನ್ನನ್ನು ನೋಡಿಹೋಗಬಲ್ಲರು. ನನಗೆ ಮೈಸೂರೇ ಬೇಕಿತ್ತು. ಯಾಕೆ ಎಂದು ಅವರು ಕೇಳಿರಲಿಲ್ಲ. ಹೇಳುವ ಧೈರ್ಯವೂ ನನಗಿರಲಿಲ್ಲ.

ಮೇಲೂರಿನಿಂದ ಶಿಡ್ಲಘಟ್ಟಕ್ಕೆ ಐದಾರು ಮೈಲಿ, ತಲೆಗೆ ನಾಲ್ಕಾಣೆ. ನಯಾಪೈಸೆ ಬಂದು ವರ್ಷಗಳಾಗಿದ್ದರೂ ನಮ್ಮ ಕಡೆಯ ಕಂಡಕ್ಟರುಗಳು ಆಣೆಯಲ್ಲೇ ಮಾತಾಡುತ್ತಿದ್ದರು. ಶಿಡ್ಲಘಟ್ಟದಲ್ಲಿ ಇನ್ನೊಂದು ಬಸ್ಸು ಹಿಡಿದು ಹತ್ತು ಗಂಟೆಯ ಹೊತ್ತಿಗೆ ಚಿಕ್ಕಬಳ್ಳಾಪುರ ಸೇರಿದೆವು. ಮಳೆ ಬಿದ್ದಿರಲಿಲ್ಲ. ನಂದಿಬೆಟ್ಟದ ನೆತ್ತಿಯ ಮೇಲೆ ಮಾತ್ರ ಮೋಡ ಕೂತಿತ್ತು.

ವಕೀಲರ ಹೆಸರು ರಾಮಕೃಷ್ಣಯ್ಯ. ನಮ್ಮದೊಂದು ಗಡಿಯ ವ್ಯಾಜ್ಯ ನಡೆಸಿಕೊಟ್ಟವರು. ಮೈಸೂರಿನ ಹೆಸರೆತ್ತಿದ ಕೂಡಲೇ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಲ್ಲಿನ ಸಾಲುಮರಗಳು, ಸಂಜೆ ಕೆರೆಯ ಏರಿಯ ಮೇಲಿನ ತಿರುಗಾಟ, ರೂಮಿಗೆ ಬರುತ್ತಿದ್ದ ದೋಸೆಯ ವಾಸನೆ ಎಲ್ಲವನ್ನೂ ಒಂದು ಗಂಟೆ ವರ್ಣಿಸಿದರು. ಇಪ್ಪತ್ತೈದು ವರ್ಷದ ಹಿಂದಿನ ಮಾತು. ಹೊರಗೆ ಇಬ್ಬರು ಕಕ್ಷಿದಾರರು ಕಾಯುತ್ತಲೇ ಇದ್ದರು. ಕೊನೆಗೆ ಅಪ್ಪ, ತರಗತಿಯಲ್ಲಿ ಹೆಣ್ಣುಮಕ್ಕಳು ಎಷ್ಟು ಜನ ಇದ್ದರು ಎಂದು ಕೇಳಿದರು.

"ಇಬ್ರು ಇದ್ರು ಅನ್ಸುತ್ತೆ," ಎಂದರು ವಕೀಲರು, ಕನ್ನಡಕ ಮತ್ತೆ ಹಾಕಿಕೊಂಡು. "ಹೆಸರು ಗೊತ್ತಿಲ್ಲ. ಮಾತಾಡಿಸಿದವರಲ್ಲ ನಾವು."

ಬಸ್ ಸ್ಟಾಂಡಿನ ಹತ್ತಿರ ಉಪ್ಪಿಟ್ಟು ತಿನ್ನುವಾಗ ಅಪ್ಪ, ಮನುಷ್ಯ ಒಳ್ಳೆಯವನು, ಆದರೆ ಓದಿನ ವಿಷಯ ಒಂದು ಮಾತೂ ಬರಲಿಲ್ಲ ಎಂದರು. ನನಗೂ ಹಾಗೇ ಅನಿಸಿತ್ತು. ಆದರೂ ಆ ಸಾಲುಮರಗಳು ನನ್ನ ಕಣ್ಣಿನ ಮುಂದೆಯೇ ಇದ್ದವು.

ಗೌರಿಬಿದನೂರಿಗೆ ಇಪ್ಪತ್ತೆರಡು ಮೈಲಿ. ಮಧ್ಯಾಹ್ನದ ಬಸ್ಸು ಮಂಚೇನಹಳ್ಳಿಯಲ್ಲಿ ಅರ್ಧ ಗಂಟೆ ನಿಂತಿತು. ರೇಡಿಯೇಟರಿಗೆ ನೀರು ಹುಯ್ದು ಡ್ರೈವರು ಬೀಡಿ ಮುಗಿಸುವವರೆಗೆ ನಾವು ಹುಣಿಸೇಮರದ ನೆರಳಿನಲ್ಲಿ ನೇರಳೆಹಣ್ಣು ತಿಂದೆವು. ಅಪ್ಪನ ನಾಲಿಗೆ ನೀಲಿಯಾಗಿದ್ದನ್ನು ನೋಡಿ ನಕ್ಕೆ. ಅವರು ನನ್ನ ನಾಲಿಗೆ ತೋರಿಸಲು ಹೇಳಿದರು. ನಾನು ದೊಡ್ಡವಳಾದ ಮೇಲೆ ನಾವಿಬ್ಬರೇ ಅಷ್ಟು ಹೊತ್ತು ಒಟ್ಟಿಗೆ ಇದ್ದದ್ದು ಅದೇ ಮೊದಲು. ಆ ರಾತ್ರಿ ಅಮ್ಮನ ದೂರದ ನಂಟರೊಬ್ಬರ ಮನೆಯಲ್ಲಿ ಮುದ್ದೆ ಉಂಡು ಮಲಗಿದೆವು.

ಭಾನುವಾರ ಬೆಳಿಗ್ಗೆ ಸಲ್ಮಾ ಮೇಡಮ್ಮಿನ ಮನೆಗೆ ಹೋದೆವು. ಅವರು ಶಿಡ್ಲಘಟ್ಟದ ಗೂಡಿನ ವ್ಯಾಪಾರಿ ಹುಸೇನ್ ಸಾಹೇಬರ ಮಗಳು. ಅಪ್ಪ ಎಷ್ಟೋ ವರ್ಷದಿಂದ ರೇಷ್ಮೆಗೂಡು ಹಾಕುತ್ತಿದ್ದದ್ದು ಆ ಸಾಹೇಬರಿಗೇ. ಮೇಡಮ್ಮಿಗೆ ಇಪ್ಪತ್ತೆಂಟಿರಬಹುದು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದರು, ತಾಯಿಯ ಜೊತೆ ಒಂದು ಹಂಚಿನ ಮನೆಯಲ್ಲಿದ್ದರು. ಚಹಾ, ಬಿಸ್ಕತ್ತು ಬಂತು. ಅಪ್ಪನ ಪ್ರಶ್ನೆಗಳಿಗೆಲ್ಲ ಅವರು ನೆಟ್ಟಗೆ ಉತ್ತರ ಕೊಟ್ಟರು. ತಿರುಪತಿಯಲ್ಲಿ ತಮ್ಮ ತರಗತಿ ಚಿಕ್ಕದು, ಪಾಠ ಬಲು ಚೆನ್ನ, ಬರೆದದ್ದನ್ನು ಮೇಷ್ಟರು ಸಾಲು ಸಾಲಾಗಿ ತಿದ್ದುತ್ತಿದ್ದರು, ಹಾಸ್ಟೆಲಿನ ಕಿಟಕಿಯಿಂದ ಬೆಟ್ಟ ಕಾಣುತ್ತಿತ್ತು. ಅಪ್ಪ ನನ್ನ ಕಡೆ ತಿರುಗಿ ನೋಡಿದರು. ಇನ್ನು ಕೇಳುವುದೇನೂ ಇಲ್ಲ ಎನ್ನುವ ಹಾಗಿತ್ತು ಆ ನೋಟ.

ಮೇಡಮ್ ಲೋಟ ಕೆಳಗಿಟ್ಟು ನನ್ನನ್ನು ಕೇಳಿದರು. "ನಿಮ್ಮಪ್ಪ ಎಲ್ಲಿ ಓದ್ಬೇಕು ಅಂತ ಕೇಳ್ತಿದಾರೆ. ಓದಿ ಏನ್ ಮಾಡ್ತೀಯಮ್ಮ ನೀನು?"

ಪಾಠ ಹೇಳುತ್ತೇನೆ ಎಂದೆ. ಅದನ್ನು ಎಲ್ಲರೂ ಹೇಳುತ್ತಾರೆ, ಮತ್ತೇನು ಎಂದರು. ನಾನು ಫೈಲಿನ ದಾರ ಬಿಚ್ಚಿ ಕಟ್ಟಿದೆ. ಆಗ ಅವರು ತಮ್ಮ ಸಂಗತಿ ಹೇಳಿದರು. ತಿರುಪತಿಗೆ ಹೋಗುವ ಮುಂಚೆ ಉರ್ದುವಿನಲ್ಲಿ ಕವಿತೆ ಬರೆಯುತ್ತಿದ್ದರಂತೆ. ತಂದೆ ಅಂಗಡಿ ಮುಚ್ಚಿ ಬಂದ ಮೇಲೆ ಕೂತು ಕೇಳುತ್ತಿದ್ದರಂತೆ.

"ಪಾಠಕ್ಕೆ ಅಲ್ಲಿ ಏನೂ ಕೊರತೆ ಇರಲಿಲ್ಲ," ಎಂದರು. "ನಾನು ಬರೆದಿದ್ದು ಕೇಳೋರು ನನ್ನ ಸುತ್ತ ಇರಲಿಲ್ಲ, ಅಷ್ಟೇ. ಎರಡು ವರ್ಷದಲ್ಲಿ ಇಂಗ್ಲಿಷ್ ಚೆನ್ನಾಗಿ ಬಂತು. ಕವಿತೆ ನಿಂತೋಯ್ತು. ಮತ್ತೆ ಬರಲೇ ಇಲ್ಲ."

ಅವರು ದುಃಖದಿಂದ ಹೇಳಲಿಲ್ಲ. ಬಸ್ಸು ತಪ್ಪಿಹೋಯಿತು ಎನ್ನುವ ಹಾಗೆ ಹೇಳಿದರು. ಅದಕ್ಕೇ ಇರಬೇಕು, ನನ್ನ ಕೈ ತಾನಾಗಿ ಫೈಲಿನ ತಳಕ್ಕೆ ಹೋಯಿತು. ಅಲ್ಲಿ ಬೆಂಗಳೂರಿನ ಒಂದು ವಾರಪತ್ರಿಕೆಯ ಹಾಳೆಗಳನ್ನು ಮಡಿಸಿಟ್ಟಿದ್ದೆ. ನನ್ನ ಕನ್ನಡದ ಕಥೆ, ಬೇರೆ ಹೆಸರಿನಲ್ಲಿ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೇಡಮ್ ಮೊದಲಿಂದ ಕೊನೆಯವರೆಗೆ ಓದಿದರು. ಓದಿ ಮುಗಿಸಿ ಅಪ್ಪನ ಕಡೆ ನೋಡಿದರು.

"ನೀವು ಓದಿದೀರಾ ಇದನ್ನ?"

"ನಂಗೆ ಕನ್ನಡ ಓದೋಕೆ ಬರಲ್ಲ ತಾಯಿ," ಎಂದರು ಅಪ್ಪ. "ನಾನು ಕಲ್ತಿದ್ದು ತೆಲುಗು ಅಕ್ಷರ."

ಮೇಡಮ್ ಹಾಳೆಗಳನ್ನು ನನ್ನ ಕೈಗಿಡಲಿಲ್ಲ, ಅಪ್ಪನ ಕೈಗಿಟ್ಟರು. ಇವಳು ಮೈಸೂರಿಗೆ ಹೋಗಲಿ, ಅಲ್ಲಿ ಇವಳು ಬರೆದದ್ದನ್ನು ಓದುವವರಿರುತ್ತಾರೆ ಎಂದರು. ಅಪ್ಪ ಹಾಳೆಗಳನ್ನು ಮೇಲಂಗಿಯ ಒಳಜೇಬಿನಲ್ಲಿಟ್ಟುಕೊಂಡು ಎದ್ದರು.

ಅಲ್ಲಿಂದ ಚಿಂತಾಮಣಿಯವರೆಗಿನ ಪ್ರಯಾಣ ನನಗೆ ಸರಿಯಾಗಿ ನೆನಪಿಲ್ಲ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿದೆವು, ಅಪ್ಪ ಕಡಲೆಕಾಯಿ ಕೊಂಡು ಪೊಟ್ಟಣವನ್ನು ನನಗೆ ಕೊಟ್ಟರು, ಮಾತು ಮಾತ್ರ ಇಲ್ಲ. ಅವರಿಗೆ ಕೋಪವೋ ಅವಮಾನವೋ ತಿಳಿಯದೆ ನಾನು ಕಿಟಕಿಯ ಕಡೆಗೇ ತಿರುಗಿ ಕೂತೆ. ಸಂಜೆ, ಚಿಂತಾಮಣಿಗೆ ಮದುವೆಯಾಗಿ ಹೋಗಿದ್ದ ನನ್ನ ಅಕ್ಕನ ಮನೆ ಸೇರಿದೆವು. ಅಕ್ಕ ಮಾವಿನಹಣ್ಣು ಹೆಚ್ಚಿಕೊಟ್ಟು, ಯಾವ ಊರು ನಿಶ್ಚಯವಾಯಿತು ಎಂದಳು. ನಾಳೆ ನೋಡೋಣ ಎಂದರು ಅಪ್ಪ.

ಸೋಮವಾರ ಬೆಳಿಗ್ಗೆ ಬಸ್ ಸ್ಟಾಂಡಿನಲ್ಲಿ ಕೈವಾರಕ್ಕೆ ಹೋಗುವ ಭಕ್ತರು ತುಂಬಿದ್ದರು. ಅಪ್ಪ ಆ ಗದ್ದಲದಲ್ಲೇ ನುಗ್ಗಿ, ತಿರುಪತಿಯ ದಾರಿಯ ಮದನಪಲ್ಲಿ ಬಸ್ಸಿನ ಕಂಡಕ್ಟರನ್ನು ಹಿಡಿದರು. ತೆಲುಗಿನಲ್ಲಿ ಎಲ್ಲವನ್ನೂ ಕೇಳಿದರು. ಎಷ್ಟು ಹೊತ್ತಿಗೆ ಹೊರಟರೆ ಎಷ್ಟು ಹೊತ್ತಿಗೆ ತಿರುಪತಿ, ಮೂಟೆ ಮೇಲೆ ಹಾಕಬಹುದೇ, ಅದೇ ದಿನ ವಾಪಸು ಬರಬಹುದೇ. ಕಂಡಕ್ಟರು ನಗುನಗುತ್ತಾ ಹೇಳಿದ. ಅಪ್ಪನೂ ನಕ್ಕರು. ದೂರದಲ್ಲಿ ನಿಂತು ನೋಡುತ್ತಿದ್ದ ನಾನು, ಇಲ್ಲಿಗೆ ಮುಗಿಯಿತು, ತಿರುಪತಿಯೇ ಸರಿ ಅಂದುಕೊಂಡೆ. ಅಪ್ಪ ಇಷ್ಟು ಸಂತೋಷವಾಗಿ ಬರಬಲ್ಲ ಊರನ್ನು ಬೇಡ ಎನ್ನುವುದಾದರೂ ಹೇಗೆ ಅನ್ನಿಸಿತು.

ವಾಪಸು ಬರಲು ರೈಲು ಹಿಡಿದೆವು. ಬಂಗಾರಪೇಟೆಯಿಂದ ಬರುವ ಆ ಸಣ್ಣ ರೈಲು ಈಗಿನವರಿಗೆ ಆಟದ ಸಾಮಾನಿನಂತೆ ಕಂಡೀತು. ಎದುರುಬದುರು ಕೂತವರ ಮೊಣಕಾಲು ತಾಗುವಷ್ಟು ಕಿರಿದು. ಏರು ಬಂದರೆ ಇಳಿದು ಜೊತೆಗೆ ನಡೆಯಬಹುದು ಎಂದು ಜನ ತಮಾಷೆ ಮಾಡುತ್ತಿದ್ದರು. ನಮ್ಮೆದುರು ಸಾದಲಿಯ ಕಡೆಯ ಒಬ್ಬ ಮುದುಕಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಾಡಿ ಊರು ದಾಟಿ ಬಯಲಿಗೆ ಬಂದ ಮೇಲೆ ಅಪ್ಪ ಒಳಜೇಬಿನಿಂದ ಹಾಳೆಗಳನ್ನು ತೆಗೆದು ನನ್ನ ಮುಂದೆ ಹಿಡಿದರು.

"ಓದಮ್ಮ, ಕೇಳ್ತೀನಿ," ಎಂದರು.

ಅದು ನಮ್ಮ ಸೋದರತ್ತೆಯ ಕಥೆ. ಅಪ್ಪನ ಅಕ್ಕ; ಹಿಂದಿನ ವರ್ಷ ತೀರಿಕೊಂಡಿದ್ದಳು. ಚಿಕ್ಕ ವಯಸ್ಸಿನಲ್ಲೇ, ತವರಿಗೆ ಬಂದಿದ್ದಾಗ ಗಂಡ ಹೋಗಿ, ನಮ್ಮ ಮನೆಯಲ್ಲೇ ಉಳಿದು, ರೇಷ್ಮೆಹುಳದ ಮನೆಯಲ್ಲೇ ಆಯುಸ್ಸು ಕಳೆದವಳು. ಕಥೆಯಲ್ಲಿ ಹೆಸರು ಬದಲಾಯಿಸಿದ್ದೆ. ಗಂಡ ಸತ್ತ ಸುದ್ದಿ ಬಂದ ದಿನ ಅವಳು ಅಳದೆ ಹುಳದ ತಟ್ಟೆ ತಟ್ಟೆಗೂ ಹಿಪ್ಪುನೇರಳೆ ಸೊಪ್ಪು ಹಾಕುತ್ತಾ ಹೋಗುತ್ತಾಳೆ. ಹುಳಗಳು ಮೇಯುವ ಸದ್ದು ಮಳೆಯ ಹಾಗೆ ಕೇಳುತ್ತದೆ. ಅಲ್ಲಿಗೆ ಕಥೆ ಮುಗಿಯುತ್ತಿತ್ತು. ರೈಲಿನ ಸದ್ದಿಗೆ ನಾನು ಗಟ್ಟಿಯಾಗಿ ಓದಬೇಕಾಯಿತು. ಮುದುಕಿಯೂ ಮುಂದಕ್ಕೆ ಬಾಗಿ ಕೇಳುತ್ತಿದ್ದಳು.

ಓದಿ ಮುಗಿಸಿದಾಗ ಅಪ್ಪ ನನ್ನ ಕೈಯಿಂದ ಹಾಳೆಗಳನ್ನು ತೆಗೆದುಕೊಂಡರು.

"ಅವತ್ತು ಹುಳ ಜ್ವರಕ್ಕೆ ಕೂತಿತ್ತು ಕಣಮ್ಮ," ಎಂದರು. ಪೊರೆ ಬಿಡುವ ಮುಂಚೆ ಹುಳ ತಿನ್ನದೆ ತಲೆಯೆತ್ತಿ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. "ಜ್ವರದಲ್ಲಿ ಸೊಪ್ಪು ಹಾಕಲ್ಲ. ಅಕ್ಕ ಸೊಪ್ಪು ಕೈಯಲ್ಲಿ ಹಿಡ್ಕೊಂಡು ಹಂಗೇ ನಿಂತಿದ್ಲು. ಹಾಕೋಕೂ ಇಲ್ಲ, ಬಿಡೋಕೂ ಇಲ್ಲ. ಸದ್ದೇ ಇರಲಿಲ್ಲ ಮನೇಲಿ. ನಾನು ಬಾಗಿಲಲ್ಲಿ ನಿಂತು ನೋಡಿದೀನಿ."

ನನಗೆ ಆ ಸಂಗತಿ ಗೊತ್ತೇ ಇರಲಿಲ್ಲ. ಅಪ್ಪ ಅದನ್ನು ಯಾರ ಹತ್ತಿರವೂ ಹೇಳಿರಲಿಲ್ಲವಂತೆ. ಗಾಡಿ ಒಂದು ಸಣ್ಣ ಸ್ಟೇಷನ್ನಿನಲ್ಲಿ ನಿಂತು ಮತ್ತೆ ಹೊರಟಿತು.

"ಸರಿ ಮಾಡಿ ಬರಿ," ಎಂದರು. ಹಾಳೆಗಳನ್ನು ಮಡಿಸಿ ನನ್ನ ಕೈಗಿಟ್ಟು, "ಮೈಸೂರಿಗೇ ಹೋಗು" ಎಂದರು.

ತಿರುಪತಿಯ ಬಸ್ಸಿನ ವೇಳೆಗಳನ್ನೆಲ್ಲ ಅಷ್ಟು ಚೆನ್ನಾಗಿ ಕೇಳಿಕೊಂಡಿರಲ್ಲ ಎಂದೆ. ಕೇಳಿದರೆ ತಪ್ಪೇನು, ದೇವರ ದರ್ಶನಕ್ಕೆ ಹೋಗಲು ಬೇಕಾಗುತ್ತದೆ ಎಂದರು. ನಾನು ಅವರ ಕೈ ಹಿಡಿಯಬೇಕಾಗಿತ್ತು. ಆ ಕಾಲದಲ್ಲಿ ಅದು ನಮಗೆ ಅಭ್ಯಾಸವಿರಲಿಲ್ಲ.

ಬುಧವಾರ ಕಾಗದ ಹಾಕಿದೆ. ಮೈಸೂರಿನ ಎರಡು ವರ್ಷಗಳಲ್ಲಿ ಅಪ್ಪ ಬಂದದ್ದು ಎರಡೇ ಸಲ, ಎರಡು ಸಲವೂ ಬೋರ್ಡು ಓದಲಾಗದೆ, ದಾರಿ ಕೇಳಲು ಸಂಕೋಚಪಟ್ಟುಕೊಂಡು ಸ್ಟೇಷನ್ನಿನಲ್ಲೇ ನನಗಾಗಿ ಕಾದು ಕೂತಿದ್ದರು. ಆ ಕಥೆಯನ್ನು ಅಲ್ಲಿ ಮತ್ತೆ ಬರೆದೆ. ಗೆಳತಿಯರು ಅದನ್ನು ಎರಡೆರಡು ಸಲ ಓದಿಸಿ ಕೇಳಿದರು. ಅಂಥ ಕೇಳುಗರು ನನಗೆ ಬೇರೆಲ್ಲೂ ಸಿಕ್ಕುತ್ತಿರಲಿಲ್ಲ. ಸಲ್ಮಾ ಮೇಡಮ್ಮಿಗೆ ಒಂದು ಪ್ರತಿ ಕಳಿಸಿದೆ. ತಿಂಗಳಾದ ಮೇಲೆ ಉತ್ತರ ಬಂತು. ನಾಲ್ಕು ಸಾಲು ಉರ್ದು, ಅದರ ಕೆಳಗೆ ಕನ್ನಡದಲ್ಲಿ ಅರ್ಥ. ಹೊಸದಾಗಿ ಬರೆದದ್ದು ಎಂದಿತ್ತು.

ಇವತ್ತಿಗೂ ಆ ಪ್ರಯಾಣ ನೆನೆದರೆ ಮೊದಲು ಕಣ್ಣಿಗೆ ಕಟ್ಟುವುದು ಶಿಡ್ಲಘಟ್ಟದ ಸ್ಟೇಷನ್ನು. ಮಧ್ಯಾಹ್ನದ ಬಿಸಿಲು; ನಾವು ಇಳಿಯಲು ಎದ್ದೆವು. ಮುದುಕಿ ಅಪ್ಪನ ಚೀಲ ಹಿಡಿದು ನಿಲ್ಲಿಸಿದಳು.

"ಆಮೇಲೆ ಆ ಯಮ್ಮ ಏನಾದ್ಲಪ್ಪ?"

ಅಪ್ಪ ನನ್ನ ಮುಖ ನೋಡಿದರು.

"ಮೂರನೇ ದಿನಕ್ಕೆ ಹುಳ ಜ್ವರ ಬಿಟ್ಟು ಎದ್ವು," ಎಂದರು ಅಪ್ಪ. "ಅವಳೂ ಸೊಪ್ಪು ಹಾಕಿದ್ಲು."

ಮುದುಕಿ ತಲೆಯಾಡಿಸಿ ಚೀಲ ಬಿಟ್ಟಳು. ಗಾಡಿ ಹೊರಟಿತು. ನಾವಿಬ್ಬರೂ ಪ್ಲಾಟ್‌ಫಾರಮ್ಮಿನ ಮೇಲೆ ನಿಂತು, ಅದು ಹೊಗೆ ಬಿಡುತ್ತಾ ಚಿಕ್ಕಬಳ್ಳಾಪುರದ ಕಡೆಗೆ ಹೋಗುವುದನ್ನು ಕಾಣುವಷ್ಟು ದೂರ ನೋಡಿದೆವು.