ಕೊಂಡಪ್ಪನ ಸಾಸಿವೆ ಸಾಲು

ಬೇರಿಕೆ ಊರಿನ ಕೊಂಡಪ್ಪ ತೀರಿಕೊಂಡು ಇಂದಿಗೆ ಹನ್ನೊಂದು ದಿನ. ಅವನ ಹೊಲಕ್ಕೆ ಬದು ಹಂಚಿಕೊಂಡಿದ್ದ ಗೆಳೆಯ ರಾಮಾಂಜಿನಪ್ಪ ಮೂವತ್ತು ವರ್ಷ ಅವನನ್ನು ಕಂಡು ಹೊಟ್ಟೆ ಉರಿದುಕೊಂಡವನು. ಕಾರಣ ಒಂದು ಪತಂಗ.

ಭತ್ತದ ಕಾಳಿನಷ್ಟು ಬೂದು ಪತಂಗ. ರೆಕ್ಕೆ ಮಡಚಿ ಕೂತರೆ ಬೆನ್ನ ಮೇಲೆ ವಜ್ರಾಕಾರದ ಗುರುತುಗಳ ಸಾಲು ಕಾಣುತ್ತದೆ. ಎಲೆಕೋಸಿನ ಎಲೆಯಡಿ ಮೊಟ್ಟೆ ಇಡುತ್ತದೆ. ಮೂರ್ನಾಲ್ಕು ದಿನಕ್ಕೆ ಹೊರಬರುವ ಹಸಿರು ಹುಳು ಮುಟ್ಟಿದರೆ ನೂಲು ಬಿಟ್ಟು ಜೋತಾಡುತ್ತದೆ. ಹತ್ತು ದಿನ ಎಲೆ ತಿಂದು, ಬಲೆಯಂಥ ತೆಳು ಗೂಡಿನಲ್ಲಿ ನಾಲ್ಕು ದಿನ ಮಲಗಿ, ಪತಂಗವಾಗಿ ಹಾರುತ್ತದೆ. ಇದನ್ನೆಲ್ಲ ರಾಮಾಂಜಿನಪ್ಪ ಪುಸ್ತಕದಲ್ಲಿ ಓದಿದ್ದ. ಐದನೇ ತರಗತಿಗೆ ಶಾಲೆ ಬಿಟ್ಟ ಕೊಂಡಪ್ಪ ಎಲೆ ಮಗುಚಿ ನೋಡಿ ಕಲಿತಿದ್ದ. ಊರವರು ಕೇಳಲು ಹೋಗುತ್ತಿದ್ದುದು ಮಾತ್ರ ಕೊಂಡಪ್ಪನ ಬಳಿಗೇ.

ಕೊಂಡಪ್ಪ ಕೋಸಿನ ನಡುನಡುವೆ ಸಾಸಿವೆ ಸಾಲು ಹಾಕುತ್ತಿದ್ದ. ಪತಂಗಕ್ಕೆ ಕೋಸಿಗಿಂತ ಸಾಸಿವೆಯೇ ಇಷ್ಟ. ಅದು ಅಲ್ಲಿ ಮೊಟ್ಟೆ ಇಟ್ಟರೆ ಕೋಸು ಉಳಿಯುತ್ತದೆ. ಒಂದು ವರ್ಷ ರಾಮಾಂಜಿನಪ್ಪ ಬದುವಿನಾಚೆ ಕದ್ದು ನೋಡಿ ತಾನೂ ಸಾಸಿವೆ ಚೆಲ್ಲಿದ, ಕೋಸಿನ ಸಸಿ ನೆಟ್ಟ ದಿನವೇ. ಸಾಸಿವೆ ಎದ್ದು ನಿಲ್ಲುವಷ್ಟರಲ್ಲಿ ಕೋಸಿನ ಎಲೆ ಜರಡಿಯಾಗಿತ್ತು.

ಕೊಂಡಪ್ಪ ಬದುವಿನ ಮೇಲೆ ನಿಂತು ನಕ್ಕ. “ಏನ್ಲಾ ರಾಮಾಂಜಿ, ನೆಂಟ್ರು ಬಂದು ಕುಂತ್ಮೇಲೆ ಒಲೆ ಹಚ್ತೀಯಾ? ಹದಿನೈದು ದಿನ ಮುಂಚೇನೇ ಚೆಲ್ಬೇಕು ಕಣ್ಲಾ. ಕೇಳಿದ್ರೆ ನಿನ್ ನಾಲ್ಗೆ ಸವ್ದೋಗ್ತಿತ್ತಾ?”

“ಪುಸ್ತಕದಾಗೆ ಐತೆ. ನಂಗೊತ್ತಿತ್ತು.”

“ಹಂಗಾರೆ ಹುಳೂಗೆ ಓದಿ ಹೇಳು, ಹೋಗು.”

ಮುಂದಿನ ಬೆಳೆಯಿಂದ ರಾಮಾಂಜಿನಪ್ಪ ಹದಿನೈದು ದಿನ ಮುಂಚೆಯೇ ಚೆಲ್ಲತೊಡಗಿದ. ಆದರೂ ಕೋಸು ಉಂಡೆ ಕಟ್ಟುವ ಹೊತ್ತಿಗೆ ಹುಳು ಬೀಳುತ್ತಲೇ ಇತ್ತು. ಬದುವಿನಾಚೆ ಕೊಂಡಪ್ಪನ ಕೋಸಿಗೆ ಬೀಳುತ್ತಿರಲಿಲ್ಲ. ಯಾಕೆಂದು ರಾಮಾಂಜಿನಪ್ಪ ಒಮ್ಮೆಯೂ ಕೇಳಲಿಲ್ಲ.

ಇವತ್ತು ತಿಥಿಯೂಟದ ಪಂಕ್ತಿಯಲ್ಲಿ, ಮೂರು ವರ್ಷದಿಂದ ಕೋಸು ಬೆಳೆಯುತ್ತಿರುವ ಪವಿತ್ರ ಕಣ್ಣೊರೆಸಿಕೊಂಡಳು. “ಎರಡ್ನೇ ಸತಿ ಸಾಸಿವೆ ಚೆಲ್ಲಾದು ಕೊಂಡಪ್ಪಣ್ಣನೇ ಹೇಳ್ಕೊಟ್ಟಿದ್ದು. ಮೊದ್ಲು ಚೆಲ್ಲಿದ್ದು ಒಣಗ್ತಿದ್ದಂಗೆ ಪತಂಗ ಕೋಸಿಗೆ ಬರ್ತದೆ ಅಂತ.”

ರಾಮಾಂಜಿನಪ್ಪ ಕೈಯ ತುತ್ತನ್ನು ಎಲೆಗೇ ಹಾಕಿದ. ಇವಳಿಗೆ ಹೇಳಿದ್ದಾನೆ, ನನಗಿಲ್ಲ! ಮಣ್ಣಾದವನ ಮೇಲೂ ಹೊಟ್ಟೆ ಉರಿಯಿತು. ಇವಳ ಮೇಲಂತೂ ಇನ್ನೂ ಹೆಚ್ಚು. ಇವಳು ಮಾಡಿದ್ದಾದರೂ ಏನು? ಹೋಗಿ ಕೇಳಿದ್ದಳು, ಅಷ್ಟೇ.

“ನಿಮ್ಗೆ ಗೊತ್ತಿರ್ಲೇಬೇಕಲ್ಲ ರಾಮಾಂಜಿನಣ್ಣ, ನೀವೇ ಅವ್ರ ಜತೆಗಾರ್ರು,” ಎಂದಳು ಪವಿತ್ರ.

ಗೊತ್ತು ಅನ್ನುವ ಮಾತು ಬಾಯಿಗೆ ಬಂದೇಬಿಟ್ಟಿತ್ತು. ರಾಮಾಂಜಿನಪ್ಪ ಅದನ್ನು ನುಂಗಿಕೊಂಡ.

“ಇಲ್ಲ ಕಣಮ್ಮ, ಗೊತ್ತಿಲ್ಲ. ಎಷ್ಟ್ನೇ ದಿನಕ್ಕೆ ಚೆಲ್ಬೇಕಂದ?”

“ಸಸಿ ನೆಟ್ಟ ಇಪ್ಪತ್ತೈದ್ನೇ ದಿನಕ್ಕೆ,” ಎಂದಳು ಅವಳು.