ಅಕ್ಕನ ಅಳತೆ

ನಾನು ಚಿಕ್ಕವಳಿದ್ದಾಗ ನನಗೆ ಸಿಗುತ್ತಿದ್ದ ಹೊಸ ಬಟ್ಟೆ ತೊಡುವ ಮೊದಲೇ ಬೆಚ್ಚಗಿರುತ್ತಿತ್ತು. ಲೋಬಾನದ ವಾಸನೆ, ಊದುಬತ್ತಿಯ ಬೂದಿ, ಒಮ್ಮೊಮ್ಮೆ ತುದಿಯಲ್ಲೊಂದು ಎಣ್ಣೆಯ ಚುಕ್ಕೆ. ಬೇರೆ ಮಕ್ಕಳ ಹೊಸ ಬಟ್ಟೆಗೆ ಅಂಗಡಿಯ ಗಂಜಿಯ ವಾಸನೆ ಇರುತ್ತದೆ ಎಂಬುದು ಶಾಲೆಗೆ ಸೇರಿದ ಮೇಲೆ ಗೊತ್ತಾಯಿತು.

ಕಾರಣ ಇಷ್ಟೇ. ನಮ್ಮ ಮನೆಗೆ ಬಟ್ಟೆ ಬರುತ್ತಿದ್ದುದು ವರ್ಷಕ್ಕೆ ಒಂದೇ ಸಲ, ಅದೂ ಹಿರಿಯರ ಹಬ್ಬಕ್ಕೆ. ಮಹಾಲಯ ಅಮಾವಾಸ್ಯೆಯ ದಿನ ಸತ್ತವರ ಹೆಸರಿನಲ್ಲಿ ಎಲೆ ಹಾಕಿ, ಬದುಕಿದ್ದಾಗ ಅವರಿಗೆ ಇಷ್ಟವಾಗಿದ್ದನ್ನು ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಡುತ್ತಾರಲ್ಲ, ಆ ಎಡೆಯ ಬಟ್ಟೆಯೇ ಆಮೇಲೆ ನಮ್ಮದು. ತಾತನ ಪಂಚೆ ಅಪ್ಪನಿಗೆ, ಅಜ್ಜಿಯ ಸೀರೆ ಅವ್ವನಿಗೆ, ಅಕ್ಕನ ಫ್ರಾಕು ನನಗೆ. ಯುಗಾದಿಗೂ ಇಲ್ಲ, ದೀಪಾವಳಿಗೂ ಇಲ್ಲ. ಅಪ್ಪ ನೀರಾವರಿ ಇಲಾಖೆಯ ಕೆಲಸದಲ್ಲಿದ್ದರು. ಮಾರಿಕಣಿವೆಯ ಕಾಲುವೆ ಏರಿಯ ಮೇಲೆ ಸೈಕಲ್ ತುಳಿದುಕೊಂಡು ಹೋಗಿ ತೂಬು ನೋಡಿಕೊಳ್ಳುವುದು. ಸಂಬಳ ಬಂದ ಹಾಗೆಯೇ ಹೋಗುತ್ತಿತ್ತು, ಅಮಾವಾಸ್ಯೆ ಹೋದ ಮೇಲೆ ದಸರಾ, ಅದರ ಹಿಂದೆ ದೀಪಾವಳಿ ಸಾಲುಗಟ್ಟಿ ನಿಂತಿರುತ್ತಿದ್ದವು.

"ಸತ್ತೋರಿಗೂ ಆತು, ಇದ್ದೋರಿಗೂ ಆತು. ಒಂದೇ ಖರ್ಚು," ಎನ್ನುತ್ತಿದ್ದರು ಅಪ್ಪ. ತಾತನಿಗೆ ಕಟ್ಟು ಬೀಡಿ, ಒಂದು ಚಿಕ್ಕ ಬಾಟಲಿ. ಅಜ್ಜಿಗೆ ಎಲೆ ಅಡಿಕೆ, ಕಜ್ಜಾಯ. ಐಮಂಗಲದಿಂದ ಬರುವ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಕುಪ್ಪಸದ ಬಟ್ಟೆ. ಮಾಂಸದ ಪಾಲು ಬೇರೆ. ವರ್ಷ ವರ್ಷ ಎಲ್ಲದರ ರೇಟು ಏರುತ್ತಿದ್ದರೂ ಸತ್ತವರ ಬಾಯಿ ರುಚಿ ಮಾತ್ರ ಇಳಿಯಲಿಲ್ಲ ಎಂದು ಅಪ್ಪ ಗೊಣಗುತ್ತಿದ್ದರು. ಗೊಣಗುತ್ತಲೇ ತರುತ್ತಿದ್ದರು.

ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ನಾನಿನ್ನೂ ತೊದಲುತ್ತಿದ್ದಾಗ ಅವಳು ಜ್ವರ ಬಂದು ತೀರಿಕೊಂಡಳು. ನನಗೆ ಅವಳ ಮುಖದ ನೆನಪಿಲ್ಲ. ಇದ್ದ ಒಂದೇ ಫೋಟೋದಲ್ಲಿ ಅವಳು ಅಲುಗಾಡಿಬಿಟ್ಟಿದ್ದಾಳೆ. ಫ್ರಾಕು ಸ್ಪಷ್ಟವಾಗಿದೆ, ಮುಖವಿಲ್ಲ.

ಚಿಕ್ಕ ಮಕ್ಕಳಿಗೆ ಎಡೆ ಇಡುವ ಪದ್ಧತಿ ನಮ್ಮಲ್ಲಿಲ್ಲ. ಅತ್ತೆ ಪ್ರತಿ ವರ್ಷ ಬಂದು ಕೂತ ತಕ್ಷಣ ಅದನ್ನೇ ಎತ್ತುತ್ತಿದ್ದಳು. "ಅತ್ತಿಗೆ, ಹಾಲು ಹಲ್ಲು ಬಿದ್ದಿರ್ಲಿಲ್ಲ ಆ ಕೂಸಿಗೆ. ಅದಕ್ಕೆ ಯಾರಾದ್ರೂ ಎಲೆ ಹಾಕ್ತಾರಾ? ಸುಮ್ನೆ ಖರ್ಚು."

ಅವ್ವ ಒಲೆಯಿಂದ ಮುಖ ಎತ್ತದೆ ಹೇಳುತ್ತಿದ್ದಳು. "ಆವಾಗ ಬಿದ್ದಿರ್ಲಿಲ್ಲ. ಈಗ ಬಿದ್ದು ಹೊಸವು ಬಂದವೆ."

ಅವ್ವನ ಲೆಕ್ಕದಲ್ಲಿ ಅಕ್ಕ ಬೆಳೆಯುತ್ತಿದ್ದಳು, ಎಲ್ಲರ ಮಕ್ಕಳ ಹಾಗೆ. ಹಾಗಾಗಿ ಫ್ರಾಕಿನ ಅಳತೆಯೂ ಬೆಳೆಯಬೇಕಾಗಿತ್ತು. ಅದಕ್ಕೆ ಅವ್ವ ಹುಡುಕಿಕೊಂಡಿದ್ದು ಎದುರು ಕ್ವಾರ್ಟರ್ಸಿನ ಹುಡುಗಿಯನ್ನು. ಅವಳೂ ಅಕ್ಕನೂ ಒಂದೇ ವಾರದಲ್ಲಿ ಹುಟ್ಟಿದವರು, ಇಬ್ಬರ ತಾಯಂದಿರ ಬಾಣಂತನವೂ ಎದುರು ಬದುರು ಮನೆಗಳಲ್ಲಿ ಆಗಿತ್ತು. ಹಬ್ಬ ಹತ್ತಿರವಾದಾಗ ಅವ್ವ ಆ ಹುಡುಗಿಯನ್ನು ಕರೆದು ಟೈಲರ್ ಹತ್ತಿರ ನಿಲ್ಲಿಸುತ್ತಿದ್ದಳು. ಅವಳ ಭುಜ, ಎದೆ, ಉದ್ದ ಅಳೆಸಿ ಅವಳ ಕೈಗೆ ಎರಡು ಬಾಳೆಹಣ್ಣು ಕೊಟ್ಟು ಕಳಿಸುತ್ತಿದ್ದಳು. ಬಟ್ಟೆ ಹೊಲಿದು ಬಂದ ಮೇಲೆ ಅದನ್ನು ತೊಡುವವಳು ನಾನು. ಎರಡು ವರ್ಷ ಚಿಕ್ಕವಳು, ಮೇಲಾಗಿ ಕಡ್ಡಿ.

ಭುಜ ಜಾರುತ್ತಿತ್ತು, ತೋಳು ಮೊಣಕೈ ದಾಟುತ್ತಿತ್ತು. ಟೈಲರ್ ಒಳ್ಳೆಯ ಮನುಷ್ಯ. ನನ್ನ ಅವತಾರ ನೋಡಿ, "ಎರಡು ಕಡೆ ಮಡಚಿ ಹೊಲಿಗೆ ಹಾಕ್ಲಾ ತಾಯಿ? ಆಮೇಲೆ ಬಿಚ್ಕಂಬಹುದು," ಎಂದು ಕೇಳಿದರೆ ಅವ್ವ ಖಡಾಖಂಡಿತ ಬೇಡ ಎನ್ನುತ್ತಿದ್ದಳು. ಊರಿನವರು ಇದನ್ನು ಉಳಿತಾಯ ಎಂದುಕೊಂಡಿದ್ದರು. ಬೆಳೆಯೋ ಮಗು, ದೊಗಳೆ ಹೊಲಿಸಿದರೆ ನಾಲ್ಕು ದಿನ ಜಾಸ್ತಿ ಬರುತ್ತದೆ, ಜಾಣೆ ಹೆಂಗಸು ಎಂದು ಹೊಗಳಿದವರೂ ಇದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನನಗೆ ಬೇಕಾಗಿದ್ದು ಒಂದೇ, ನನ್ನ ಅಳತೆಯ ಒಂದು ಬಟ್ಟೆ. ನನ್ನ ಹೆಸರಿನಲ್ಲಿ ತಂದದ್ದು.

ಎಡೆ ಇಡುತ್ತಿದ್ದುದು ಒಳಕೋಣೆಯಲ್ಲಿ. ಮೂರು ಎಲೆ, ಮೂರು ದೀಪ, ಮೂವರ ಬಟ್ಟೆ. ಅಕ್ಕನ ಎಲೆಯ ಮೇಲೆ ಒಂದು ಹಿಡಿ ಪೆಪ್ಪರ್‌ಮೆಂಟು. ಲೋಬಾನ ಹಾಕಿ, ಕೈ ಮುಗಿದು, ನಾವೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಿಬಿಡಬೇಕು. ಹಿರಿಯರು ಬಂದು ಉಣ್ಣುವಾಗ ಯಾರೂ ನೋಡಬಾರದು. ಮಟಮಟ ಮಧ್ಯಾಹ್ನ, ಹೊರಗೆ ಬಿಸಿಲು, ಎಲ್ಲರ ಹೊಟ್ಟೆಯೂ ಚುರುಗುಟ್ಟುತ್ತಿರುತ್ತದೆ. ಆದರೂ ಒಬ್ಬರೂ ಮಾತಾಡುವಂತಿಲ್ಲ. ಅವ್ವ ಮಾತ್ರ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಕಿವಿ ಒಳಗೇ ಇರುತ್ತಿತ್ತು.

ನಾನೂ ಕಿವಿಗೊಡುತ್ತಿದ್ದೆ. ಒಮ್ಮೆ ಪೆಪ್ಪರ್‌ಮೆಂಟಿನ ಕಾಗದದ ಸದ್ದು ಕೇಳಿತು. ಇಲಿ ಇರಬಹುದು, ಆ ಕ್ವಾರ್ಟರ್ಸಿನಲ್ಲಿ ಇಲಿಗೇನು ಬರ. ಆದರೆ ನನ್ನ ಮನಸ್ಸಿಗೆ ಕಂಡದ್ದೇ ಬೇರೆ. ಮುಖವಿಲ್ಲದ ಹುಡುಗಿಯೊಬ್ಬಳು ತೋಳು ಮೇಲೆತ್ತಿ ನನ್ನ ಫ್ರಾಕನ್ನು ತಲೆಯ ಮೇಲಿಂದ ಇಳಿಸಿಕೊಳ್ಳುತ್ತಿದ್ದಾಳೆ. ಅವಳಿಗೆ ಅದು ಸರಿಯಾಗಿ ಕೂರುತ್ತಿದೆ. ಅಪ್ಪ ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋಗಿ ಅದನ್ನು ತಂದು ನನ್ನ ಕೈಗೆ ಕೊಟ್ಟಾಗ ಅದು ಬೆಚ್ಚಗಿತ್ತು. ದೀಪದ ಪಕ್ಕ ಇಟ್ಟ ಬಟ್ಟೆ ಬೆಚ್ಚಗಿರದೆ ಏನು? ಈಗ ಹಾಗೆ ಹೇಳಬಲ್ಲೆ. ಆಗ ಅದನ್ನು ತೊಟ್ಟುಕೊಂಡು ಇಡೀ ದಿನ ತಣ್ಣಗೆ ನಡುಗಿದ್ದೆ.

ಹೀಗೇ ವರ್ಷಗಳು ಹೋದವು. ಫ್ರಾಕು ಹೋಗಿ ಉದ್ದ ಲಂಗ ಬಂತು. ನಾನು ಎಷ್ಟು ಬೆಳೆದರೂ ಅಕ್ಕ ಎರಡು ವರ್ಷ ಮುಂದೆಯೇ ಇರುತ್ತಿದ್ದಳು.

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ಒಂದು ವರ್ಷ ಹಬ್ಬಕ್ಕೆ ಮುಂಚೆ ಎದುರುಮನೆ ಹುಡುಗಿ ದೊಡ್ಡವಳಾದಳು. ಆರತಿಗೆ ಅವ್ವನೂ ಹೋಗಿ ಬಂದಳು. ಅದಾದ ಸ್ವಲ್ಪ ದಿನಕ್ಕೆ ಅಳತೆಗೆಂದು ಕರೆಯಲು ಹೋದಾಗ ಆ ಹುಡುಗಿಯ ತಾಯಿ ಹೊಸ್ತಿಲಲ್ಲೇ ನಿಂತು ಅವ್ವನ ಕೈ ಹಿಡಿದುಕೊಂಡರು.

"ಬೇಜಾರು ಮಾಡ್ಕಬ್ಯಾಡ್ರಿ ಅಕ್ಕ. ಇಷ್ಟು ದಿನ ಚಿಕ್ಕೋಳು, ನಡೀತು. ಈಗ ಮದುವೆ ಆಗೋ ಹುಡುಗಿ. ಇರೋಳ ಅಳತೇಲಿ ಇಲ್ಲದೋಳ ಬಟ್ಟೆ ಹೊಲಿಸಿದ್ರೆ… ನಮ್ಮ ಅತ್ತೆ ಬಾಳ ಹೆದರ್ಕಂಡವ್ರೆ."

"ಇಲ್ಲ ಬಿಡ್ರಿ, ನೀವು ಹೇಳೋದೂ ಸರೀನೇ," ಎಂದಳು ಅವ್ವ. ನಾನು ಪಕ್ಕದಲ್ಲೇ ಇದ್ದೆ. ಬೀದಿ ದಾಟಿ ನಮ್ಮ ಮನೆಯ ನಲ್ಲಿಯ ಹತ್ತಿರ ಬಂದವಳು ಅಲ್ಲಿಯೇ ಕೂತುಬಿಟ್ಟಳು. "ನಮ್ಮೋಳೂ ಆಗಿರೋಳು," ಎಂದಳು. ನನಗಲ್ಲ, ಯಾರಿಗೂ ಅಲ್ಲ.

ಆ ಸಂಜೆ ಅಪ್ಪ ಮೆಲ್ಲಗೆ ಹೇಳಿದರು. "ಲೇ, ಈ ಸಲಕ್ಕೆ ಅವಳದ್ದು ಬಿಟ್ಟುಬಿಡಾಣ. ಎರಡು ಜೊತೆ ತರೋ ತಾಕತ್ತು ನನಗೆಲ್ಲೈತೆ? ತರೋ ಒಂದನ್ನ ಬದುಕಿರೋಳಿಗೆ ತರಾಣ."

ಅವ್ವ ಜಗಳವಾಡುತ್ತಾಳೆಂದು ಕಾದೆ. ಆಡಲಿಲ್ಲ. ಮಾರನೆಯ ದಿನ ಹಿರಿಯೂರಿಗೆ ಹೋಗಿ ಅಂಗಡಿಯಲ್ಲಿ ಬಟ್ಟೆ ಹರಿಸಿ, ವಾಪಸು ಬಂದು ನನ್ನನ್ನೇ ಟೈಲರ್ ಮುಂದೆ ನಿಲ್ಲಿಸಿದಳು. ಟೇಪು ಮೊದಲ ಸಲ ನನ್ನ ಎದೆ ಸುತ್ತಿತು. ತಣ್ಣಗೆ ಕಚಗುಳಿ ಇಟ್ಟಿತು.

"ಎಷ್ಟು ಸಡಿಲ ಬಿಡ್ಲಿ ತಾಯಿ?" ಎಂದು ಅವರು ರೂಢಿಯಂತೆ ಕೇಳಿದರು.

"ಬ್ಯಾಡ. ಸರಿಯಾಗೇ ಹೊಲೀರಿ."

ನನಗೆ ಆದ ಖುಷಿಯನ್ನು ಹೇಗೆ ಹೇಳಲಿ? ಹಬ್ಬದ ತನಕ ಆ ಲಂಗ, ರವಿಕೆ ಗೋಡೆಯ ಮೊಳೆಗೆ ನೇತಾಡುತ್ತಿದ್ದವು. ಬೂದಿಯಿಲ್ಲ, ಲೋಬಾನವಿಲ್ಲ. ಮೂಗಿಟ್ಟು ನೋಡಿದರೆ ಬರೀ ಗಂಜಿಯ ವಾಸನೆ. ಹೋಗುವಾಗ ಬರುವಾಗ ಒಂದು ಸಲ ಮುಟ್ಟುತ್ತಿದ್ದೆ.

ಅಮಾವಾಸ್ಯೆಯ ದಿನ ಅವ್ವ ಎರಡು ಎಲೆ ಹಾಕಿದಳು. ಹೊರಗೆ ಹೊರಟವಳು ತಿರುಗಿ ಬಂದು, ಮೂರನೆಯದನ್ನೂ ಹಾಕಿದಳು. ಪೆಪ್ಪರ್‌ಮೆಂಟು ಇಟ್ಟಳು, ದೀಪ ಹಚ್ಚಿದಳು. ತಾತನ ಎಲೆಯ ಪಕ್ಕ ಪಂಚೆ, ಅಜ್ಜಿಯ ಎಲೆಯ ಪಕ್ಕ ಸೀರೆ. ಅಕ್ಕನ ಎಲೆಯ ಪಕ್ಕ ಬರೀ ನೆಲ. ಎಲ್ಲರೂ ಹೊರಗೆ ಬಂದೆವು. ಅಪ್ಪ ಬಾಗಿಲು ಎಳೆದುಕೊಳ್ಳಲು ಕೈ ಹಾಕಿದರು.

ಆಗ ನನಗೆ ಭಯವಾಯಿತು. ಅಕ್ಕನ ಮೇಲಿನ ಪ್ರೀತಿ ಉಕ್ಕಿ ಬಂತು ಎಂದರೆ ಸುಳ್ಳಾಗುತ್ತದೆ, ಅದು ಶುದ್ಧ ಭಯ. ಅವಳು ಬರುತ್ತಾಳೆ. ಎಲೆಯ ಪಕ್ಕ ನೋಡುತ್ತಾಳೆ, ಏನೂ ಇರುವುದಿಲ್ಲ. ಪ್ರತಿ ವರ್ಷ ಇರುತ್ತಿದ್ದದ್ದು ಎಲ್ಲಿ ಎಂದು ಹುಡುಕುತ್ತಾಳೆ. ಹುಡುಕುತ್ತಾ ಬಾಗಿಲ ಈಚೆಗೆ ಬರುತ್ತಾಳೆ, ಮೊಳೆಯ ಹತ್ತಿರ ಬರುತ್ತಾಳೆ, ಆಮೇಲೆ ನನ್ನ ಕಡೆ ತಿರುಗುತ್ತಾಳೆ. ನಾನು ಓಡಿಹೋಗಿ ಲಂಗ, ರವಿಕೆ ಎಳೆದುಕೊಂಡು ಬಂದು, ಅಪ್ಪನ ಕೈಕೆಳಗೆ ನುಸುಳಿ, ಅವನ್ನು ಎಲೆಯ ಪಕ್ಕ ಇಟ್ಟೆ.

ಬಾಗಿಲಲ್ಲಿ ಅವ್ವ ನಿಂತಿದ್ದಳು. "ಅದು ಅವಳಿಗೆ ಬಿಗಿ ಆಗ್ತೈತೆ ಕಣೇ," ಎಂದಳು.

"ಆಗ್ಲಿ ಬಿಡು. ನಾನು ಇಷ್ಟು ವರ್ಷ ಅವಳದ್ದು ದೊಗಳೆ ಹಾಕ್ಕಂಡಿಲ್ವಾ? ಅವಳೂ ಒಂದ್ಸಲ ನನ್ನದು ಹಾಕ್ಕಳ್ಳಿ!"

ಅತ್ತೆ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಎಡೆ ಮುಂದೆ ನಿಂತು ಸತ್ತವಳ ಜೊತೆ ಬಟ್ಟೆಗೆ ಜಗಳ! ಅಪ್ಪ ಗೋಡೆ ಕಡೆ ತಿರುಗಿದರು. ಅವ್ವ ನಕ್ಕುಬಿಟ್ಟಳು. ಆ ಬಾಗಿಲ ಮುಂದೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಕ್ಕು, ಸೆರಗಿನಿಂದ ಕಣ್ಣು ಒರೆಸಿಕೊಂಡು, "ಇದ್ದಿದ್ರೆ ಹಿಂಗೇ ಕಿತ್ತಾಡೋರು ಇಬ್ರೂ," ಎಂದು ಅತ್ತೆಗೆ ಹೇಳಿದಳು.

ಬಾಗಿಲು ಮುಚ್ಚಿತು. ಆ ಸಲ ಒಳಗೆ ಯಾವ ಸದ್ದೂ ಇರಲಿಲ್ಲ. ಅಪ್ಪ ಕೆಮ್ಮಿ ಬಾಗಿಲು ತೆರೆದು ಬಟ್ಟೆ ತಂದುಕೊಟ್ಟರು. ಬೆಚ್ಚಗಿತ್ತು. ರವಿಕೆ ತೊಡಲು ತೋಳು ತೂರಿಸುವಾಗ ನೋಡಿದೆ, ಕಂಕುಳ ಹತ್ತಿರ ಹೊಲಿಗೆ ಒಂದು ಬೆರಳಿನಷ್ಟು ಬಿಟ್ಟುಕೊಂಡಿತ್ತು. ಬಿಗಿಯಾದ ಬಟ್ಟೆ ತೊಟ್ಟಾಗ ಬಿಡುವಂಥ ಜಾಗದಲ್ಲೇ.

ಹಬ್ಬದ ಗಡಿಬಿಡಿಯಲ್ಲಿ ಟೈಲರ್ ಸರಿಯಾಗಿ ಹೊಲಿದಿಲ್ಲ ಎಂದರು ಅಪ್ಪ. ನಾನೂ ಕೇಳಿದವರಿಗೆ ಹಾಗೆಯೇ ಹೇಳಿಕೊಂಡು ಬಂದಿದ್ದೇನೆ. ಅವ್ವ ಮಾತ್ರ ಸೂಜಿ ದಾರ ತಂದು, ನಾನು ತೊಟ್ಟಿರುವಾಗಲೇ ಆ ಜಾಗವನ್ನು ಹೊಲಿದಳು. ಹೊಲಿಯುವಾಗ ಬೆರಳಿನಿಂದ ಮತ್ತೆ ಮತ್ತೆ ಸವರಿ ನೋಡುತ್ತಿದ್ದಳು. ಮುಂದಿನ ವರ್ಷದಿಂದ ಅವಳು ಬೇರೆ ಯಾರ ಅಳತೆಯನ್ನೂ ಕೇಳಲಿಲ್ಲ. ನನ್ನ ಅಳತೆ ತೆಗೆಸಿ, "ಇದಕ್ಕಿಂತ ಎರಡು ಬೆರಳು ದೊಡ್ಡದು," ಎನ್ನುತ್ತಿದ್ದಳು. ನಾನೂ ಜಗಳ ಬಿಟ್ಟೆ. ಪಿನ್ನು ಹಾಕಿಕೊಳ್ಳುವುದನ್ನು ಕಲಿತೆ.

ಮುಂದೆ ಚಿತ್ರದುರ್ಗದಲ್ಲಿ ಓದು ಮುಗಿಸಿದೆ. ಹೊಳಲ್ಕೆರೆಗೆ ಮದುವೆಯಾಗಿ ಹೋದೆ. ಗಂಡನ ಮನೆಯಲ್ಲಿ ಎಡೆ ಇಡುವುದು ಅವರ ಹಿರಿಯರಿಗೆ. ಅಕ್ಕ ನನ್ನ ಜೊತೆ ಬರುವಂತಿರಲಿಲ್ಲ, ಅವಳು ತವರಿನವಳು. ಆದರೆ ಹಬ್ಬ ಮುಗಿದ ಮೇಲೆ ಅಪ್ಪ ಬಸ್ಸು ಬದಲಿಸಿಕೊಂಡು ಬಂದು ಪೇಪರಿನಲ್ಲಿ ಸುತ್ತಿದ ಒಂದು ಸೀರೆ ಕೊಟ್ಟು ಹೋಗುತ್ತಿದ್ದರು. ಬಿಚ್ಚಿದರೆ ಅದೇ ಲೋಬಾನ. ಸೀರೆಗೆ ಅಳತೆಯಿಲ್ಲ, ಅಷ್ಟು ನೆಮ್ಮದಿ. ಆದರೆ ಅವ್ವ ರವಿಕೆಯನ್ನೂ ಹೊಲಿಸಿಯೇ ಕಳಿಸುತ್ತಿದ್ದಳು. ಅದು ನನ್ನ ಮೈಮೇಲೆ ಜೋಲಾಡುತ್ತಿತ್ತು.

ಎದುರುಮನೆ ಹುಡುಗಿಯನ್ನು ಹೊಸದುರ್ಗಕ್ಕೆ ಕೊಟ್ಟಿದ್ದರು. ಅವಳು ತವರಿಗೆ ಬಂದಾಗಲೆಲ್ಲ ಅವ್ವ ಕಾಫಿಗೆ ಕರೆದು, ಎದುರಿಗೆ ಕೂರಿಸಿಕೊಂಡು, ಕಣ್ಣಲ್ಲೇ ಅಳೆಯುತ್ತಿದ್ದಳೆಂದು ಕಾಣುತ್ತದೆ. "ಎರಡು ಮಕ್ಕಳಾದ ಮೇಲೆ ಮೈ ತುಂಬ್ಕಂಡವಳೆ. ನಮ್ಮೋಳೂ ಹಂಗೇ ಇರೋಳು," ಎಂದು ನನಗೇ ಫೋನಿನಲ್ಲಿ ಹೇಳಿದ್ದಳು.

ನನ್ನ ಮಗಳು ಹುಟ್ಟಿದ ವರ್ಷ ನಾನೂ ಮೈ ತುಂಬಿಕೊಂಡೆ. ಆ ಹಬ್ಬದ ಸೀರೆ ಬಂದಾಗ ರವಿಕೆಗೆ ತೋಳು ತೂರಿಸಿ ಹುಕ್ಕು ಹಾಕಿದೆ. ಸರಿಯಾಗಿ ಕೂತಿತು. ಭುಜ ಭುಜದ ಮೇಲೆ, ತೋಳು ತೋಳಿನ ಅಳತೆಗೆ. ಕನ್ನಡಿಯ ಮುಂದೆ ನಿಂತವಳಿಗೆ ಚಿಕ್ಕಂದಿನಲ್ಲಿ ಬೇಡಿಕೊಂಡದ್ದು ಕೈಗೆ ಬಂದಿತ್ತು, ಖುಷಿಯಾಗಬೇಕಿತ್ತು. ಆಗಲಿಲ್ಲ. ನನ್ನ ಮುಂದೆ ನಡೆಯುತ್ತಿದ್ದವಳು ಇದ್ದಕ್ಕಿದ್ದಂತೆ ನಿಂತುಬಿಟ್ಟಿದ್ದಳು. ನಾನು ಅವಳ ಜಾಗಕ್ಕೆ ಬಂದುಬಿಟ್ಟಿದ್ದೆ, ಅಲ್ಲಿ ಅವಳಿರಲಿಲ್ಲ. ಅವಳು ಸತ್ತದ್ದು ನನಗೆ ಅವತ್ತು ಗೊತ್ತಾಯಿತು. ಅತ್ತುಬಿಟ್ಟೆ.

ಅವ್ವನಿಗೆ ಫೋನು ಮಾಡಿದೆ. "ಅವ್ವ, ರವಿಕೆ ಈ ಸಲ ಸರಿಯಾಗಿ ಕೂತೈತೆ."

"ನೀನು ದಪ್ಪ ಆಗಿದೀಯ ಅಷ್ಟೇ," ಎಂದಳು. "ಮುಂದಿನ ವರ್ಷ ಇನ್ನೆರಡು ಬೆರಳು ಜಾಸ್ತಿ ಬಿಡಿಸಿ ಹೊಲಿಸ್ತೀನಿ."

"ಹಂಗೇ ಮಾಡವ್ವ," ಎಂದೆ. "ಇದು ಅವಳಿಗೆ ಬಿಗಿ ಆಗಿರ್ತೈತೆ."